ಗಂಗಣ್ಣ ಓದದ ಹೆಸರು

"ಓದಯ್ಯಾ ಗಂಗಣ್ಣ. ಒಂದೇ ಒಂದು ಸಾಲು. ಓದ್ಬಿಟ್ರೆ ನಿನ್ ಗಂಟೇನು ಹೋಗುತ್ತೆ?"

ಸಬ್ ಇನ್ಸ್‌ಪೆಕ್ಟರ್ ಮುರಳಿ ಮೊಬೈಲನ್ನು ಗಂಗಣ್ಣನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಪರದೆಯ ಮೇಲೆ ಒಂದು ಕಪ್ಪು ಹಲಗೆಯ ಫೋಟೊ. ಹಲಗೆಯ ಮೇಲೆ ಸೀಮೆಸುಣ್ಣದ ದಪ್ಪ ಅಕ್ಷರಗಳು: ‘ನಾಯಿ ಮೀನು, 6 ಬಾಕ್ಸ್, ಗಂಗಣ್ಣ, 11.10.’

ಗಂಗಣ್ಣ ಮೊಬೈಲನ್ನು ನೋಡಿದ, ಮುರಳಿಯನ್ನು ನೋಡಿದ, ಆಮೇಲೆ ಠಾಣೆಯ ಕಿಟಕಿಯಾಚೆ ತುಕ್ಕು ಹಿಡಿಯುತ್ತಿದ್ದ ಜಪ್ತಿ ಬೈಕುಗಳನ್ನು ನೋಡುತ್ತ ಕುಳಿತ.

"ನೋಡಿದ್ರಾ ಮೇಡಂ?" ಮುರಳಿ ಅಕ್ಕಯಮ್ಮನ ಕಡೆ ತಿರುಗಿದ. "ನಿನ್ನೆ ಸಾಯಂಕಾಲದಿಂದ ಇದೇ ಆಟ. ಹೆಂಡ್ತಿ ಹೆಸ್ರು ಕೇಳಿದ್ರೆ ಹೇಳ್ತಾನೆ, ಊರು ಕೇಳಿದ್ರೆ ಹೇಳ್ತಾನೆ. ಇದನ್ನ ಓದು ಅಂದ್ರೆ ಬಾಯಿಗೆ ಬೀಗ. ತಪ್ಪು ಮಾಡ್ದೋನಲ್ದೆ ಬೇರೆ ಯಾರು ಹಿಂಗಾಡ್ತಾರೆ?"

ಅಕ್ಕಯಮ್ಮನಿಗೆ ಮೈಯೆಲ್ಲ ಉರಿಯಿತು. ಈ ಉರಿ ಮುರಳಿಯ ಮೇಲೋ ಗಂಗಣ್ಣನ ಮೇಲೋ ಎಂದು ಅವಳಿಗೇ ತಿಳಿಯಲಿಲ್ಲ. ಮೂವತ್ತನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ ಎಎಸ್‌ಐ ಆಗಿ ನಿವೃತ್ತಳಾದವಳು ಅವಳು. ಈಗ ಮಂಡಿ ನೋವಿನ ಜೊತೆಗೆ ಖಾಸಗಿ ಪತ್ತೇದಾರಿಕೆಯನ್ನೂ ಕಟ್ಟಿಕೊಂಡಿದ್ದಳು. ಈ ಮುರಳಿಗೆ ಮಹಜರು ಬರೆಯುವುದನ್ನು ಕೈಹಿಡಿದು ಕಲಿಸಿದವಳೂ ಅವಳೇ. ಕಲಿಸಿದ್ದು ಸಾಲದಾಗಿತ್ತು ಎಂದು ಈಗ ಅನ್ನಿಸುತ್ತಿತ್ತು.

ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ನಡೆದದ್ದು ಇಷ್ಟು: ದೇವನಹಳ್ಳಿಯ ಚನ್ನರಾಯಪಟ್ಟಣ ರಸ್ತೆಯ ಮಂಜುಕೋಟೆ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಜಯಕುಮಾರ್ ಮೂರನೇ ನಂಬರಿನ ಕೋಣೆಯೊಳಗೆ ಇರುವಾಗ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದರು. ಎರಡೂವರೆ ಗಂಟೆ ಕಾಲ ಮೈನಸ್ ಹದಿನೆಂಟು ಡಿಗ್ರಿ ಚಳಿಯಲ್ಲಿ ಬಿದ್ದಿದ್ದ ಆತ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ತೆರೆದಿರಲಿಲ್ಲ.

ಮಾಲು ತೆಗೆದಾಗಲೆಲ್ಲ ಅದರ ಹೆಸರು, ಲೆಕ್ಕ, ಹೊತ್ತು ಬರೆಯಲು ಆ ಕೋಣೆಯ ಬಾಗಿಲಿಗೆ ತೂಗುಹಾಕಿದ್ದ ಹಲಗೆಯೇ ಈ ಹಲಗೆ. ಅದರ ಮೇಲಿದ್ದ ಹೆಸರು ಲೋಡಿಂಗ್ ಮೇಸ್ತ್ರಿ ಗಂಗಣ್ಣನದು. ಹಿಂದಿನ ದಿನವೇ ಗಂಗಣ್ಣನಿಗೂ ಮ್ಯಾನೇಜರಿಗೂ ರಜೆಯ ವಿಷಯಕ್ಕೆ ಜೋರು ಜಗಳವಾಗಿತ್ತು. ಮುರಳಿಗೆ ಇನ್ನೇನು ಬೇಕು?

"ಕ್ಯಾಮೆರಾ?" ಅಕ್ಕಯಮ್ಮ ಕೇಳಿದಳು.

"ಗೇಟಲ್ಲಿ ಒಂದು, ಆಫೀಸಲ್ಲಿ ಒಂದು ಸರಿಯಾಗಿದೆ. ಕೋಣೆಗಳ ಕಡೆ ಇರೋದು ಕೆಟ್ಟು ಎರಡು ತಿಂಗ್ಳು."

"ಕೈಬರಹ?"

"ಸೀಮೆಸುಣ್ಣದಲ್ಲಿ ಬರ್ದಿರೋದು ಮೇಡಂ. ಎಕ್ಸ್‌ಪರ್ಟ್ ವರದಿ ಬರೋಕೆ ಮೂರು ತಿಂಗ್ಳು. ಅಲ್ಲಿವರ್ಗೂ ಇವನು ಜೈಲಲ್ಲಿ ಆರಾಮಾಗಿರ್ಲಿ. ನಾಲ್ಕು ಗಂಟೆಗೆ ಕೋರ್ಟಿಗೆ ಹಾಜರುಪಡಿಸ್ತಿದ್ದೀನಿ. ಕೊಲೆ ಯತ್ನ."

ಗೋಡೆ ಗಡಿಯಾರದಲ್ಲಿ ಹತ್ತೂಕಾಲು. ಅಕ್ಕಯಮ್ಮ ಗಂಗಣ್ಣನ ಎದುರು ಕುರ್ಚಿ ಎಳೆದುಕೊಂಡಳು.

"ನೋಡಪ್ಪಾ. ನಿನ್ನ ಹೆಂಡ್ತಿ ಮುತ್ತಮ್ಮ ಬಂದು ಕಾಲಿಗೆ ಬೀಳೋಕೆ ಹೋದ್ಲು, ಅದಕ್ಕೇ ಬಂದಿದ್ದೀನಿ. ಆ ಸಾಲು ನೀನು ಬರ್ದ್ಯಾ ಇಲ್ವಾ?"

"ನಾನು ಬರ್ದಿಲ್ಲಮ್ಮ."

"ಹಂಗಾದ್ರೆ ಓದೋಕೇನು ಕಷ್ಟ?"

"ಆ ಮಾತು ನನ್ ಬಾಯಲ್ಲಿ ಬರಲ್ಲ."

"ಯಾಕೆ ಬರಲ್ಲ?"

ಗಂಗಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಅದ್ನೂ ಹೇಳೋಕೆ ಬರಲ್ಲ."

ಅಕ್ಕಯಮ್ಮ ದಡಕ್ಕನೆ ಎದ್ದಳು. ಇಂಥವರನ್ನು ಬಿಡಿಸುವುದಕ್ಕಿಂತ ಇಂಥವರಿಗೇ ಒಂದೇಟು ಹಾಕಿ ಮನೆಗೆ ಕಳಿಸುವುದು ಸುಲಭವೆಂದು ಅನ್ನಿಸಿಬಿಟ್ಟಿತು. ಹೊರಗೆ ಬೆಂಚಿನ ಮೇಲೆ ಮುತ್ತಮ್ಮ ಊಟದ ಕ್ಯಾರಿಯರು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಒಳಗೆ ಬಿಡುತ್ತಿರಲಿಲ್ಲ, ಮನೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಸಾಯಂಕಾಲಕ್ಕೆ ಅವ್ರು ಮನೇಗ್ ಬತ್ತಾರಾ ಅಕ್ಕಯಮ್ನೋರೇ? ಜೈಲಿಗೆ ಹೋದ್ರೆ ಅವ್ರು ಬದ್ಕಲ್ಲ. ಎದೆಗೆ ಸ್ಟೆಂಟ್ ಹಾಕ್ಸಿ ಇನ್ನೂ ಆರು ತಿಂಗ್ಳು ಆಗಿಲ್ಲ."

"ಬರ್ತಾನೆ ಕಣಮ್ಮ," ಎಂದುಬಿಟ್ಟಳು ಅಕ್ಕಯಮ್ಮ. ಅಂದಮೇಲೆ, ಯಾವ ಧೈರ್ಯದ ಮೇಲೆ ಅಂದೆ ಎಂದು ತನ್ನನ್ನೇ ಬೈದುಕೊಳ್ಳುತ್ತ ಸ್ಕೂಟರು ಹತ್ತಿದಳು.

*

ಮಂಜುಕೋಟೆಯ ಸ್ಟಾಕ್ ಪಟ್ಟಿಯಲ್ಲಿ ನಾಯಿ ಮೀನು ಎಂಬುದೇ ಇರಲಿಲ್ಲ.

ಅಕ್ಕಯಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿದಳು. ಮೂರನೇ ಕೋಣೆಯಲ್ಲಿದ್ದದ್ದು ‘ಚಮ್ ಸಾಲ್ಮನ್’. ವಿಮಾನದಲ್ಲಿ ಮಾಲಿನ ಜೊತೆ ಬಂದ ಕಾಗದದಲ್ಲಿ ಅದೇ ಲಾಟಿಗೆ ‘ಕೇಟಾ’ ಎಂದಿತ್ತು. ರಟ್ಟಿನ ಪೆಟ್ಟಿಗೆಯ ಮೇಲೆ ಬಣ್ಣದ ಅಕ್ಷರದಲ್ಲಿ ‘ಸಿಲ್ವರ್‌ಬ್ರೈಟ್’. ಹೋಟೆಲಿನವರು ಕಳಿಸಿದ್ದ ಆರ್ಡರಿನಲ್ಲಿ ಬರೀ ‘ಸಾಲ್ಮನ್’.

ಒಡತಿ ರೂಪಾಗೆ ಫೋನ್ ಮಾಡಿದಳು. ಆಕೆ ದುಬೈಯಲ್ಲಿ ಇದ್ದಳು.

"ಮೇಡಂ, ಈ ನಾಯಿ ಮೀನು ಅಂದ್ರೆ ಯಾವುದು?"

"ಛೀ! ನಮ್ಮಲ್ಲಿ ಅಂಥದ್ದೆಲ್ಲ ಇಡಲ್ಲ. ನಮ್ದು ಪ್ರೀಮಿಯಂ ಸಿಲ್ವರ್‌ಬ್ರೈಟ್. ದಯವಿಟ್ಟು ಆ ಪದ ಎಲ್ಲೂ ಎತ್ಬೇಡಿ, ಗಿರಾಕಿಗಳ ಕಿವಿಗೆ ಬಿದ್ರೆ ನಾವು ಅಂಗಡಿ ಮುಚ್ಕೊಬೇಕಾಗುತ್ತೆ." ಫೋನು ಕಟ್ಟಾಯಿತು.

ಇನ್ನೊಬ್ಬಳು ಆ ಪದ ಎತ್ತದವಳು! ಅಕ್ಕಯಮ್ಮ ಹಣೆ ಚಚ್ಚಿಕೊಂಡು ಮೇಲಿನ ಮಹಡಿಯ ಲ್ಯಾಬಿಗೆ ಏದುಸಿರು ಬಿಡುತ್ತ ಹತ್ತಿದಳು. ಲಿಫ್ಟು ಇತ್ತು, ಆದರೆ ಸರಕಿಗೆ ಮಾತ್ರವಂತೆ.

ಲ್ಯಾಬಿನಲ್ಲಿದ್ದವಳು ನವ್ಯಶ್ರೀ. ಗಂಗಣ್ಣನ ಸೊಸೆ. ಶಿವಗಂಗೆ ಕಡೆಯ ಹುಡುಗಿ, ಮದುವೆಯಾಗಿ ನಾಲ್ಕು ತಿಂಗಳು. ಓದಿದವಳು ಮನೆಯಲ್ಲಿ ಕೂರುವುದು ಬೇಡವೆಂದು ಮಾವನೇ ಮ್ಯಾನೇಜರಿಗೆ ಹೇಳಿ ಈ ಕೆಲಸ ಕೊಡಿಸಿದ್ದ. ಅಕ್ಕಯಮ್ಮನನ್ನು ಕಂಡದ್ದೇ ಅವಳ ಕಣ್ಣಲ್ಲಿ ನೀರು ತುಂಬಿತು.

"ಮಾವ ಹೆಂಗಿದ್ದಾರೆ ಆಂಟಿ? ಮಾತ್ರೆ ತಗೊಂಡ್ರಾ?"

"ಮಾತ್ರೆ ನುಂಗೋಕೆ ಬಾಯಿ ತೆಗೀತಾನೆ, ಬೇರೆ ಯಾವುದಕ್ಕೂ ತೆಗೆಯಲ್ಲ. ಅದಿರ್ಲಿ, ಒಂದು ಮೀನಿಗೆ ಇಷ್ಟೊಂದು ಹೆಸ್ರು ಯಾಕಮ್ಮ? ಇದಕ್ಕೆ ಆಧಾರ್ ಮಾಡ್ಸೋರು ಯಾರೂ ಇರ್ಲಿಲ್ವಾ?"

ನವ್ಯಶ್ರೀ ಅಳುವಿನ ನಡುವೆಯೇ ಸಣ್ಣಗೆ ನಕ್ಕಳು. ತನ್ನ ವಿಷಯ ಬಂದಾಗ ಅವಳ ದನಿ ಗಟ್ಟಿಯಾಯಿತು.

"ಹೆಸ್ರು ಕರೆಯೋರ್ ಮೇಲೆ ಹೋಗುತ್ತೆ ಆಂಟಿ. ಮಾರೋರು ಸಿಲ್ವರ್‌ಬ್ರೈಟ್ ಅಂತಾರೆ, ಬೆಳ್ಳಿ ತರ ಹೊಳೆಯುತ್ತೆ ಅಂತ ಗಿರಾಕಿಗೆ ಅನ್ನಿಸ್ಬೇಕಲ್ಲ. ವಿಜ್ಞಾನದೋರು ಕೇಟಾ ಅಂತಾರೆ, ಅದು ಸೈಬೀರಿಯಾ ಕಡೆಯ ಜನರ ಮಾತಿಂದ ಬಂದಿದ್ದು. ಚಮ್ ಅನ್ನೋದು ಅಮೆರಿಕದ ಪಶ್ಚಿಮ ಕರಾವಳಿಯ ಮೂಲ ಜನ ವ್ಯಾಪಾರಕ್ಕೆ ಆಡ್ತಿದ್ದ ಭಾಷೆದು. ಮೈಮೇಲೆ ಗುರುತು ಇರೋದು, ಚುಕ್ಕೆ ಇರೋದು ಅಂತ ಅರ್ಥ. ಮೊಟ್ಟೆ ಇಡೋ ಕಾಲಕ್ಕೆ ಹೊಳೆಗೆ ಬಂದಾಗ ಈ ಮೀನಿನ ಮೈಮೇಲೆ ಉದ್ದುದ್ದ ಪಟ್ಟೆ ಏಳುತ್ತೆ."

"ನಾಯಿ ಅಂತ ಯಾರಾದ್ರೂ ಕರೀತಾರಾ?"

ಅವಳು ಒಂದು ಗಾಜಿನ ಬಟ್ಟಲನ್ನು ನಲ್ಲಿಯ ಕೆಳಗಿಟ್ಟು ತೊಳೆಯತೊಡಗಿದಳು. ಆ ಬಟ್ಟಲು ಆಗಲೇ ತೊಳೆದಿಟ್ಟದ್ದು.

"ಇಲ್ಲ ಆಂಟಿ. ನಾನು ಕೇಳೇ ಇಲ್ಲ."

"ಮನೇಲಿ ಮಾವ ಈ ಮೀನಿನ ಮಾತು ಆಡ್ತಿದ್ನಾ?"

"ಮನೇಲಿ ಸ್ಟೋರಿನ ಮಾತೇ ಎತ್ತಲ್ಲ. ಅತ್ತೆ ಬಿಡಲ್ಲ."

"ಮಂಗಳವಾರ ಹನ್ನೊಂದು ಗಂಟೆಗೆ ನೀನೆಲ್ಲಿದ್ದೆ?"

"ಇಲ್ಲೇ. ಲ್ಯಾಬಿನೋರು ಕೆಳಗೆ ಇಳಿಯೋ ಹಾಗಿಲ್ಲ, ರೂಲ್ಸು." ಅವಳು ಕೈ ಒರೆಸಿಕೊಂಡು ಅಕ್ಕಯಮ್ಮನ ಕೈ ಹಿಡಿದಳು. "ಹೆಂಗಾದ್ರೂ ಮಾಡಿ ಮಾವನ್ನ ಬಿಡಿಸ್ಕೊಡಿ ಆಂಟಿ. ನಮ್ಮಪ್ಪನೂ ನನ್ನ ಅಷ್ಟು ಚೆನ್ನಾಗಿ ನೋಡ್ಕೊಂಡಿಲ್ಲ."

ಆ ಮಾತು ಸುಳ್ಳಲ್ಲವೆಂದು ಅಕ್ಕಯಮ್ಮನಿಗೆ ಗೊತ್ತಾಯಿತು. ತಲೆ ಸವರಿ ಕೆಳಗಿಳಿದಳು. ಇಳಿಯುವಾಗ ಮಂಡಿ ಹತ್ತುವಾಗಿನದಕ್ಕಿಂತ ಹೆಚ್ಚು ನೋಯುತ್ತಿತ್ತು.

*

ಸೂಪರ್‌ವೈಸರ್ ಆವಲಪ್ಪ ಮೇ ತಿಂಗಳ ಬಿಸಿಲಲ್ಲಿ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಕೆಳಗಿನ ಲೋಡಿಂಗ್ ಕಟ್ಟೆಯ ಮೇಲೆ ಕುಳಿತು ಟೀ ಕುಡಿಯುತ್ತಿದ್ದ. ಅರವತ್ತರ ಆಸುಪಾಸಿನ ಉದ್ದನೆಯ ಆಳು. ಮಂಜುಕೋಟೆ ಶುರುವಾದ ದಿನದಿಂದ ಇದ್ದವನು. ಮ್ಯಾನೇಜರ್ ಕುರ್ಚಿ ತನಗೇ ಎಂದು ಕಾದು ಕುಳಿತಿದ್ದಾಗ, ಹೋದ ವರ್ಷ ಹೊರಗಿನಿಂದ ಜಯಕುಮಾರನನ್ನು ತಂದು ಕೂರಿಸಿದ್ದರು. ಅಕ್ಕಯಮ್ಮ ಅದನ್ನು ಗೇಟಿನಲ್ಲೇ ತಿಳಿದುಕೊಂಡಿದ್ದಳು.

"ಮೂರನೇ ರೂಮಿನ ಮೀನಿಗೆ ನೀವು ಏನಂತೀರಾ ಆವಲಪ್ಪ?"

"ನಾಯಿ," ಎಂದ ಆತ ಟೀ ಊದುತ್ತ.

ಬೆಳಗಿನಿಂದ ಯಾರ ಬಾಯಲ್ಲೂ ಬರದ ಮಾತು ಇಷ್ಟು ಸಲೀಸಾಗಿ ಬಂದದ್ದು ನೋಡಿ ಅಕ್ಕಯಮ್ಮ ಒಂದು ಕ್ಷಣ ತಬ್ಬಿಬ್ಬಾದಳು.

"ಯಾಕೆ ನಾಯಿ?"

"ನಾನು ವಯಸ್ಸಲ್ಲಿ ಮೀನು ಸಾಗ್ಸೋ ಹಡಗಲ್ಲಿ ಕೆಲ್ಸಕ್ಕಿದ್ದೆ ಕಣಮ್ಮ. ಅಲಾಸ್ಕಾ ಕಡೆ. ಅಲ್ಲಿ ಬಲೆ ಹಾಕೋರ ಹತ್ರ ಸಿಲ್ವರು ಗಿಲ್ವರು ಅಂದ್ರೆ ನಗ್ತಾರೆ. ಡಾಗ್ ಸಾಲ್ಮನ್ ಅಂತಲೇ ಅವ್ರು ಕರೆಯೋದು. ಗಂಡು ಮೀನಿಗೆ ಹೊಳೆಗೆ ಬರೋ ಹೊತ್ಗೆ ದವಡೆ ಕೊಕ್ಕೆ ಆಗಿ ಇಷ್ಟುದ್ದ ಕೋರೆ ಹಲ್ಲು ಬರುತ್ತೆ. ಅದಕ್ಕೇ ನಾಯಿ ಅಂತ ಕೆಲವರು. ಇನ್ನು ಕೆಲವರು, ಚಳಿಗಾಲಕ್ಕೆ ಒಣಗ್ಸಿಟ್ಟು ಗಾಡಿ ಎಳೆಯೋ ನಾಯಿಗೆ ಹಾಕೋ ಮೀನು, ಅದಕ್ಕೇ ಆ ಹೆಸ್ರು ಅಂತಾರೆ."

"ಅಂದ್ರೆ ಈ ಇಡೀ ಕಟ್ಟಡದಲ್ಲಿ ಅದನ್ನ ನಾಯಿ ಅನ್ನೋರು ನೀವೊಬ್ರೇ."

"ಇರ್ಬೋದು."

"ಜಯಕುಮಾರ್ ಕೂತಿರೋ ಕುರ್ಚಿ ನಿಮಗೆ ಬರ್ಬೇಕಾಗಿದ್ದು."

"ಹೌದು. ಈಗ್ಲೂ ಅದು ನಂದೇ."

"ಹಲಗೆ ಮೇಲೆ ನಾಯಿ ಮೀನು ಅಂತ ಬರ್ದು, ಗಂಗಣ್ಣನ ಹೆಸ್ರು ಹಾಕಿ, ಆಮೇಲೆ ಅಗುಳಿ ಜಡಿದ್ರಿ. ಅಲ್ವಾ?" ಅಕ್ಕಯಮ್ಮನ ದನಿ ಏರಿತು. "ಎದೆಗೆ ಸ್ಟೆಂಟ್ ಹಾಕ್ಸಿರೋ ಮನುಷ್ಯ ನಾಲ್ಕು ಗಂಟೆಗೆ ಜೈಲಿಗೆ ಹೋಗ್ತಿದ್ದಾನೆ. ನೀವಿಲ್ಲಿ ಟೀ ಊದ್ಕೊಂಡು ಕೂತಿದ್ದೀರಾ. ನಾಚಿಕೆ ಆಗಲ್ವಾ?"

ಆವಲಪ್ಪ ಲೋಟ ಕೆಳಗಿಟ್ಟ. ಮಂಕಿ ಕ್ಯಾಪು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನಿಗೂ ಸಿಟ್ಟು ಬಂದಿತ್ತು.

"ಅಮ್ಮಾ, ನೀವು ಪೊಲೀಸ್ನೋರು. ಮೊದ್ಲು ಕೇಳಿ, ಆಮೇಲೆ ಬೈರಿ. ಎರಡು ವರ್ಷದ ಕೆಳಗೆ ಈ ಮೀನಿನ ಮೊದಲ್ನೇ ಲಾಟ್ ಬಂತು. ನಾನು ಗಂಗಣ್ಣಂಗೆ, ಲೇ, ಆ ನಾಯಿ ಮೀನಿನ ಪೆಟ್ಟಿಗೆ ಎತ್ತೋ ಅಂದೆ. ಅವ್ನು ಎತ್ತಿದ್ದ ಪೆಟ್ಟಿಗೆ ಅಲ್ಲೇ ಇಟ್ಟು ಸೀದಾ ಮನೆಗೆ ಹೊರಟೋದ."

"ಯಾಕೆ?"

"ಅವ್ರ ಮನೆದೇವ್ರು ಯಾರು? ಸೀತಿ ಬೆಟ್ಟದ ಭೈರಪ್ಪ. ಭೈರಪ್ಪನ ವಾಹನ ಯಾವುದು? ಅವ್ರ ಮನೇಲಿ ಹಬ್ಬದ ಎಡೆ ಆದ್ಮೇಲೆ ಮೊದಲ್ನೇ ತುತ್ತು ನಾಯಿಗೆ. ಆಮೇಲೆ ಮನೆಯೋರಿಗೆ. ತಿನ್ನೋ ಪದಾರ್ಥಕ್ಕೆ ಆ ಹೆಸ್ರು ಸೇರ್ಸಿ ಬಾಯಲ್ಲಿ ಅನ್ಬಾರ್ದು, ಕೈಯಲ್ಲಿ ಬರೀಬಾರ್ದು ಅಂತ ಅವ್ರಪ್ಪನ ಕಾಲದಿಂದ ನಡ್ಕೊಂಡು ಬಂದಿದೆ. ಮೂರು ದಿನ ಕೆಲ್ಸಕ್ಕೇ ಬರ್ಲಿಲ್ಲ ಅವ್ನು."

ಅಕ್ಕಯಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಕಿಟಕಿಯಾಚೆ ಬೈಕು ನೋಡುತ್ತ ಕುಳಿತಿದ್ದ ಗಂಗಣ್ಣ, ಮೂಗಿನ ಹತ್ತಿರ ಮೊಬೈಲು, ಮುರಳಿಯ ಗಟ್ಟಿ ದನಿ. ಬಾಯಿ ಬಿಡದವನೇ ಅಪರಾಧಿ ಎಂದು ಬರೆದುಕೊಂಡ ಮುರಳಿಯ ಮೇಲೆ ಅವಳಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸದ ಗಂಗಣ್ಣನ ಮೇಲೂ ಕೋಪ ಬಂತು.

"ಆಮೇಲೆ?"

"ಆಮೇಲೇನು, ನಾನೇ ಮನೆಗೆ ಹೋಗಿ ಕರ್ಕೊಂಡು ಬಂದೆ. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಮೀನಿನ ಮೈಮೇಲೆ ಬರೆ ಎಳೆದಂಗೆ ಪಟ್ಟೆ ಇತ್ತು. ಬರೆ ಮೀನು ಅಂತ ಕರೆಯೋಣ ಅಂದ ಅವ್ನು. ಅವತ್ತಿಂದ ಕೆಳಗಿನ ಹನ್ನೊಂದು ಜನ ಆಳುಗಳೂ ಅದನ್ನೇ ಅನ್ನೋದು, ಅದನ್ನೇ ಬರೆಯೋದು. ಅವ್ನ ಮುಂದೆ ನಾನೂ ಬರೆ ಮೀನು ಅಂತಲೇ ಅಂತೀನಿ."

ಮೂಲ ಜನ ಚಮ್ ಎಂದದ್ದೂ ಗಂಗಣ್ಣ ಬರೆ ಎಂದದ್ದೂ ಒಂದೇ ಕಾರಣಕ್ಕೆ. ಏಳು ಸಮುದ್ರದಾಚೆಯ ಬೆಸ್ತರೂ ದೇವನಹಳ್ಳಿ ಸೀಮೆಯ ಲೋಡರೂ ಮೀನಿನ ಮೈ ನೋಡಿಯೇ ಹೆಸರಿಟ್ಟಿದ್ದರು.

"ಇದಕ್ಕೆ ಸಾಕ್ಷಿ?"

ಆವಲಪ್ಪ ಮೊಬೈಲು ತೆಗೆದ. ದಿನಾ ಸಾಯಂಕಾಲ ಹಲಗೆ ಒರೆಸುವ ಮುಂಚೆ ಫೋಟೊ ತೆಗೆದಿಡುವುದು ಅವನ ಕೆಲಸ. ಎರಡು ವರ್ಷದ ಫೋಟೊಗಳು. ಬರೆ ಮೀನು, ಬರೆ ಮೀನು, ಬರೆ ಮೀನು. ಬೆರಳು ಸೋಲುವ ತನಕ ಸರಿಸಿದರೂ ಅದೇ.

"ಇನ್ನೊಂದು ವಿಷ್ಯ," ಎಂದ ಆವಲಪ್ಪ. "ಹಲಗೆ ಮೇಲೆ ಹೆಸ್ರು ಇದ್ರೆ ಅವ್ನೇ ಬರ್ದ ಅಂತ ಅಲ್ಲ. ಮಾಲು ಯಾರು ತೆಗೆದ್ರೂ ಹಾಕೋದು ಮೇಸ್ತ್ರಿ ಹೆಸ್ರು. ಅದು ಇಲ್ಲಿನ ಪದ್ಧತಿ. ಮೇಲಿನ ಆಫೀಸಲ್ಲೂ ಆ ನೋಟಿಸ್ ಅಂಟಿಸಿದ್ದಾರೆ. ನಾನೇ ಗಂಗಣ್ಣನ್ನ ಸಿಗಿಸ್ಬೇಕು ಅಂತಿದ್ರೆ ಯಾವ ಹೆಸ್ರು ಬರೀತಿದ್ದೆ ಹೇಳಿ? ಅವ್ನು ಸತ್ರೂ ಬರೆಯದೇ ಇರೋದನ್ನ ಬರೀತಿದ್ನಾ?"

ಅಲ್ಲಿಗೆ ಆವಲಪ್ಪನ ಮೇಲೆ ಕಟ್ಟಿದ್ದ ಗೋಪುರ ಕುಸಿಯಿತು. ಬರೆದವರಿಗೆ ನಾಯಿ ಎಂಬ ಹೆಸರು ಗೊತ್ತಿತ್ತು, ಆದರೆ ಕೆಳಗಿನವರು ಹಾಗೆ ಕರೆಯುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಹೆಸರನ್ನು ಕಲಿತವರು, ಕಟ್ಟೆಗೆ ಇಳಿಯದವರು.

"ಆ ಹೆಸ್ರನ್ನ ನೀವು ಬೇರೆ ಯಾರ್ಗಾದ್ರೂ ಹೇಳ್ಕೊಟ್ಟಿದ್ರಾ?"

ಆವಲಪ್ಪ ಮಂಕಿ ಕ್ಯಾಪನ್ನು ಒಮ್ಮೆ ಮಡಿಚಿದ, ಒಮ್ಮೆ ಬಿಚ್ಚಿದ.

"ಆವಲಪ್ಪಾ, ಗಂಟೆ ಎರಡಾಯ್ತು."

"ಒಬ್ಬರಿಗೇ ಹೇಳಿದ್ದು. ಮೂರು ತಿಂಗ್ಳಾಯ್ತು. ಲ್ಯಾಬಿಗೆ ಹೊಸದಾಗಿ ಸೇರ್ದಾಗ, ಈ ಮೀನಿಗೆ ಇರೋ ಹೆಸ್ರೆಲ್ಲ ಹೇಳಿ ಅಂಕಲ್ ಅಂತ ಪುಸ್ತಕ ಹಿಡ್ಕೊಂಡು ಕೂತ್ಳು. ಎಲ್ಲಾನೂ ಬರ್ಕೊಂಡ್ಳು. ಆ ಪಟ್ಟೀಲಿ ನಾಯಿ ಅನ್ನೋದು ಮೂರನೇ ಹೆಸ್ರು." ಅವನು ಮೇಲಿನ ಮಹಡಿಯ ಕಡೆ ನೋಡಿದ. "ಅವನ ಸೊಸೆ ಕಣಮ್ಮ."

‘ನಾನು ಕೇಳೇ ಇಲ್ಲ ಆಂಟಿ’ ಎಂದಿದ್ದಳು. ತೊಳೆದ ಬಟ್ಟಲನ್ನು ಮತ್ತೆ ತೊಳೆದಿದ್ದಳು.

ಅಕ್ಕಯಮ್ಮ ಓಡಿ ಮಹಡಿ ಹತ್ತಿದಳು. ಲ್ಯಾಬಿಗೆ ಬೀಗ. ನವ್ಯಶ್ರೀ ಅರ್ಧ ದಿನ ರಜೆ ಹಾಕಿ ಹೋಗಿದ್ದಾಳೆಂದು ಸೆಕ್ಯುರಿಟಿಯವನು ಹೇಳಿದ.

*

ದಾರಿಯುದ್ದಕ್ಕೂ ಅಕ್ಕಯಮ್ಮ ಲಾರಿಗಳಿಗೆ, ಹಂಪುಗಳಿಗೆ, ಹಿಂದೆ ಕೂತಿದ್ದ ಆವಲಪ್ಪನಿಗೆ, ಎಲ್ಲರಿಗೂ ಬೈದಳು. ಎಲ್ಲಕ್ಕಿಂತ ಹೆಚ್ಚಾಗಿ ಬೈದುಕೊಂಡದ್ದು ತನ್ನನ್ನೇ. ಸಾಯಂಕಾಲಕ್ಕೆ ಗಂಡನನ್ನು ಕರೆತರುತ್ತೇನೆಂದು ಮುತ್ತಮ್ಮನಿಗೆ ಮಾತು ಕೊಟ್ಟಾಗಿತ್ತು. ಅದನ್ನು ಉಳಿಸಿಕೊಳ್ಳಲು ಹೋದರೆ ಅದೇ ಮನೆಯ ಸೊಸೆಯ ಕೈಗೆ ಕೋಳ ಬೀಳುತ್ತಿತ್ತು.

ಹುಡುಗಿ ಹೆಸರು ಬರೆದಳು, ನಿಜ. ಅಗುಳಿಯನ್ನೂ ಅವಳೇ ಹಾಕಿದಳೇ? ಯಾಕೆ ಹಾಕಿದಳು? ಹಲಗೆಯ ಮೇಲೆ ಬರೆದಿದ್ದ ಆ ಆರು ಪೆಟ್ಟಿಗೆ ಎಲ್ಲಿ ಹೋದವು? ಗೊತ್ತಿಲ್ಲದ್ದು ಇನ್ನೂ ಬೇಕಾದಷ್ಟಿತ್ತು. ಇವತ್ತು ಗಂಗಣ್ಣನನ್ನು ಬಿಡಿಸುವಷ್ಟು ಮಾತ್ರ ಹೇಳಬೇಕು, ಉಳಿದದ್ದನ್ನು ಹುಡುಗಿಯನ್ನು ಕೇಳಿದ ಮೇಲೆ ನೋಡೋಣ ಎಂದು ತೀರ್ಮಾನ ಮಾಡಿಕೊಂಡಳು.

"ಬಾಯಿ ಮುಚ್ಕೊಂಡಿರಿ," ಎಂದಳು ಆವಲಪ್ಪನಿಗೆ. "ಫೋಟೊ ತೋರ್ಸಿ, ಅಷ್ಟೇ."

ಠಾಣೆಯ ಬೆಂಚಿನ ಮೇಲೆ ಮುತ್ತಮ್ಮ ಬೆಳಗ್ಗೆ ಕೂತಂತೆಯೇ ಕೂತಿದ್ದಳು. ಪಕ್ಕದಲ್ಲಿ ನವ್ಯಶ್ರೀ ಇದ್ದಳು. ಅತ್ತೆಗೆ ನೀರು ಕುಡಿಸುತ್ತಿದ್ದಳು. ಅಕ್ಕಯಮ್ಮನನ್ನು ಕಂಡು ಎದ್ದು ನಿಂತಳು. ಅವಳನ್ನು ಆಚೆ ಕರೆದು ಕೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಮುರಳಿಯ ಕೂಗು ಬಂತು. "ಜೀಪ್ ತೆಗೀರಪ್ಪಾ, ಹೊರಡೋಣ!"

ಮೂರೂಕಾಲು. ಅಕ್ಕಯಮ್ಮ ನುಗ್ಗಿದಳು.

ಹತ್ತು ನಿಮಿಷದಲ್ಲಿ ಮುರಳಿಯ ಮುಖ ಬಾಡಿತು. ಆವಲಪ್ಪ ಒಂದೊಂದೇ ಫೋಟೊ ಸರಿಸಿದ. ಮೇಸ್ತ್ರಿಯ ಹೆಸರು ಹಾಕುವ ಪದ್ಧತಿ ಹೇಳಿದ. ಭೈರಪ್ಪನ ವಿಷಯ ಬಂದಾಗ ಮೂಲೆಯಲ್ಲಿ ಕುಳಿತಿದ್ದ ಗಂಗಣ್ಣ ತಲೆ ತಗ್ಗಿಸಿದ.

"ಇದನ್ನ ನಿನ್ನೆನೇ ಹೇಳೋಕೇನಾಗಿತ್ತಯ್ಯಾ?" ಮುರಳಿ ಮೇಜು ಗುದ್ದಿದ.

"ದೇವ್ರ ವಿಷ್ಯಾನ ಠಾಣೇಲಿ ಎತ್ತೋದಾ ಸಾರ್," ಎಂದ ಗಂಗಣ್ಣ.

"ನೀನು ಕೇಳಿದ ರೀತಿಗೆ ನಾನಾಗಿದ್ರೂ ಹೇಳ್ತಿರ್ಲಿಲ್ಲ," ಎಂದಳು ಅಕ್ಕಯಮ್ಮ ಮುರಳಿಗೆ. "ಓದು ಓದು ಅಂತ ಮುಖಕ್ಕೆ ಹಿಡಿದ್ಯಲ್ಲ, ಯಾಕೆ ಓದ್ತಿಲ್ಲ ಅಂತ ಊರಲ್ಲಿ ಒಬ್ಬರನ್ನಾದ್ರೂ ಕೇಳಿದ್ಯಾ? ಈಗ ಬಿಡು ಅವನನ್ನ."

ಮುರಳಿ ಕ್ಯಾಪು ಮೇಜಿನ ಮೇಲಿಟ್ಟ. "ಬಿಡ್ತೀನಿ ಮೇಡಂ. ಆದ್ರೆ ಮೇಲಿನೋರು ಕೇಳ್ತಾರೆ, ಇವನಲ್ದೇ ಇದ್ರೆ ಬರ್ದೋರು ಯಾರು ಅಂತ. ನಾನೇನು ಹೇಳ್ಲಿ?"

"ನಾಳೆ ಹೇಳ್ತೀನಿ."

"ನಾಳೆ ಯಾಕೆ?" ಅವನು ಆವಲಪ್ಪನ ಕಡೆ ತಿರುಗಿದ. ಅಷ್ಟರಮಟ್ಟಿಗೆ ಅಕ್ಕಯಮ್ಮ ಅವನಿಗೆ ಕೆಲಸ ಚೆನ್ನಾಗಿಯೇ ಕಲಿಸಿದ್ದಳು. "ಏನ್ರೀ, ಆ ಹೆಸ್ರನ್ನ ಇನ್ಯಾರಿಗೆ ಹೇಳಿದ್ರಿ?"

ಆವಲಪ್ಪ ಅಕ್ಕಯಮ್ಮನನ್ನು ನೋಡಿದ. "ಅದು... ಮೂರು ತಿಂಗ್ಳ ಹಿಂದೆ ಸಾರ್... ಲ್ಯಾಬಲ್ಲಿ..."

"ಆವಲಪ್ಪಾ!" ಅಕ್ಕಯಮ್ಮ ಗದರಿದಳು. ಆತ ನಾಲಗೆ ಕಚ್ಚಿಕೊಂಡ. ಆದರೆ ಆಗಬೇಕಾದದ್ದು ಆಗಿಹೋಗಿತ್ತು.

ಲ್ಯಾಬು ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಗಣ್ಣ ಎದ್ದು ನಿಂತಿದ್ದ. ನಿನ್ನೆಯಿಂದ ಕಿಟಕಿಯಾಚೆಗೇ ನೋಡುತ್ತಿದ್ದ ಮನುಷ್ಯ ಈಗ ನೇರವಾಗಿ ಮುರಳಿಯನ್ನು ನೋಡಿದ.

"ನಾಯಿ ಮೀನು," ಎಂದ ಗಂಗಣ್ಣ.

ಆವಲಪ್ಪ ಕಿವಿ ಮುಚ್ಚಿಕೊಳ್ಳುವವನಂತೆ ಕೈ ಎತ್ತಿದ.

"ನಾಯಿ ಮೀನು, ಆರು ಬಾಕ್ಸು. ನಾನೇ ಬರ್ದಿದ್ದು ಸಾರ್. ಬಾಗ್ಲು ಹಾಕಿದ್ದೂ ನಾನೇ. ಬರ್ಕೊಳಿ."

"ಲೇ, ಬುದ್ಧಿ ಇದ್ಯೇನೋ ನಿಂಗೆ?" ಅಕ್ಕಯಮ್ಮ ಕೂಗಿದಳು. "ಬೆಳಗ್ಗಿಂದ ನಾನು ಮಂಡಿ ಸವೆಸಿಕೊಂಡಿದ್ದು ಯಾತಕ್ಕೆ? ಮುರಳಿ, ಸುಳ್ಳು ಹೇಳ್ತಿದ್ದಾನೆ, ಬರ್ಕೊಬೇಡ!"

"ಅವನೇ ಹೇಳ್ತಿದ್ದಾನಲ್ಲ ಮೇಡಂ." ಮುರಳಿ ಆಗಲೇ ಕಾಗದ ಎಳೆದುಕೊಂಡು ಬರೆಯತೊಡಗಿದ್ದ. ಸಿಕ್ಕಿದ್ದನ್ನು ಬಿಡುವ ಜಾಯಮಾನ ಅವನದಲ್ಲ.

ಬಾಗಿಲಲ್ಲಿ ಸದ್ದಾಯಿತು. ಮುತ್ತಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ತಡೆಯಲು ಹೋದ ಕಾನ್‌ಸ್ಟೇಬಲ್ ಅವಳ ಮುಖ ನೋಡಿ ಹಿಂದೆ ಸರಿದಿದ್ದ. ನವ್ಯಶ್ರೀ ಅತ್ತೆಯ ತೋಳು ಹಿಡಿದುಕೊಂಡಿದ್ದಳು.

"ಮೂವತ್ತೊಂದು ವರ್ಸ ಆಯ್ತು ನಾನು ಈ ಮನೇಗ್ ಬಂದು," ಎಂದಳು ಮುತ್ತಮ್ಮ. ಅವಳು ಅಳುತ್ತಿರಲಿಲ್ಲ. "ಜ್ವರ ಬಂದು ಬಡಬಡಿಸೋವಾಗ್ಲೂ ಇವ್ರ ಬಾಯಲ್ಲಿ ಆ ಮಾತು ಕೇಳಿಲ್ಲ. ಮೈಯೆಲ್ಲ ಹೆಂಗ್ ನಡುಗ್ತೈತೆ ನೋಡಿ. ಸುಳ್ಳು ಹೇಳ್ತಾವ್ರೆ. ಯಾರ್ನೋ ಕಾಪಾಡ್ತಾವ್ರೆ. ಯಾರ್ನ ಅಕ್ಕಯಮ್ನೋರೇ?"

ಅಕ್ಕಯಮ್ಮನಿಗೆ ಉತ್ತರ ಗೊತ್ತಿತ್ತು. ನವ್ಯಶ್ರೀಯ ಕಡೆ ನೋಡದಿರಲೆಂದು ಅವಳು ಗೋಡೆ ಗಡಿಯಾರ ನೋಡಿದಳು.

ಮುತ್ತಮ್ಮ ಪಕ್ಕಕ್ಕೆ ತಿರುಗಿದಳು. "ನೀನಾದ್ರೂ ಹೇಳಮ್ಮ ನವ್ಯಾ. ನೀನು ಓದಿದೋಳು, ಅಲ್ಲೇ ಲ್ಯಾಬಲ್ಲಿ ಕೆಲ್ಸ ಮಾಡೋಳು. ನಿಮ್ಮ್ ಮಾವ ಯಾರ್ನ ಕಾಪಾಡ್ತಾವ್ರೆ?"

"ಅವ್ಳನ್ನ ಏನೂ ಕೇಳ್ಬೇಡ!" ಗಂಗಣ್ಣ ಚೀರಿದ.

ಅದುವರೆಗೆ ತಲೆ ತಗ್ಗಿಸಿ ಬರೆಯುತ್ತಿದ್ದ ಮುರಳಿ ಪೆನ್ನು ಕೆಳಗಿಟ್ಟು, ಮೊದಲ ಬಾರಿಗೆ ನವ್ಯಶ್ರೀಯನ್ನು ನೋಡಿದ.